ಆಹಾರವ್ಯಾಧಿಯಿಂದ ಗುಣಹೊಂದಿದವರು ತೂಕ ಇಳಿಸಬಹುದೇ?

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದು ನಮ್ಮ ಹಿರಿಯರು ಹೇಳಿದರು. ಊಟದ ಬಗೆಯನ್ನೇ ಮರೆಸಿಬಿಡುವ ರೋಗವೊಂದು ಇರಬಹುದೆಂಬ ಕಲ್ಪನೆ ಅವರಿಗೆ ಬಂದಿರಲಾರದು. ಅನ್ನವಿಲ್ಲದೆ ಸೊರಗಿದವರನ್ನು ಅವರು ಕಂಡಿದ್ದರು. ಎಲೆಯ ಮೇಲೆ ಅನ್ನವಿದ್ದೂ ಅದಕ್ಕೆ ಹೆದರಿ ಸೊರಗುವವರನ್ನು, ಅಥವಾ ಮಿತಿಮೀರಿ ತಿಂದು ಬಳಿಕ ಗುಟ್ಟಾಗಿ ಪಶ್ಚಾತ್ತಾಪಪಡುವವರನ್ನು ಕಂಡಿದ್ದರೂ, ಅದನ್ನು ಹಠವೆಂದೋ ದೇವರ ಕಾಟವೆಂದೋ ಕರೆದು ಸುಮ್ಮನಾಗಿರಬೇಕು.

ವೈದ್ಯಶಾಸ್ತ್ರಕ್ಕೂ ಇದು ತಡವಾಗಿ ತಿಳಿದ ಸಂಗತಿಯೇ. 1873ರಲ್ಲಿ ಪ್ಯಾರಿಸಿನ ಲಾಸೆಗ್ ಮತ್ತು ಲಂಡನಿನ ಸರ್ ವಿಲಿಯಂ ಗಲ್ ಎಂಬ ವೈದ್ಯರು, ಪರಸ್ಪರ ಸಮಾಲೋಚನೆಯಿಲ್ಲದೆಯೇ, ಯುವತಿಯರು ಆಹಾರವನ್ನು ತ್ಯಜಿಸಿ ಕೃಶರಾಗುವ ವ್ಯಾಧಿಯನ್ನು ವರ್ಣಿಸಿದರು. ಗಲ್ ಇಟ್ಟ ‘ಅನೊರೆಕ್ಸಿಯಾ ನರ್ವೋಸಾ’ ಎಂಬ ಹೆಸರು ನಿಂತಿತು. ಅತಿಯಾಗಿ ತಿಂದು ಹೊರಹಾಕುವ ‘ಬುಲಿಮಿಯಾ ನರ್ವೋಸಾ’ವನ್ನು 1979ರಲ್ಲಿ ಜೆರಾಲ್ಡ್ ರಸೆಲ್ ಎಂಬ ಮನೋವೈದ್ಯರು ಪ್ರತ್ಯೇಕಿಸಿ ತೋರಿಸಿದರು. ಹೊರಹಾಕದೆ ಪದೇ ಪದೇ ಮಿತಿಮೀರಿ ತಿನ್ನುವ ‘ಬಿಂಜ್ ಈಟಿಂಗ್’ ವ್ಯಾಧಿಗೆ ಅಮೆರಿಕದ ಮನೋವೈದ್ಯ ಸಂಘದ ಕೈಪಿಡಿಯಲ್ಲಿ ಸ್ವತಂತ್ರ ಸ್ಥಾನ ದೊರೆತದ್ದು 2013ರಲ್ಲಿ.

ಇದು ಪಾಶ್ಚಾತ್ಯ ಶ್ರೀಮಂತರ ರೋಗ, ನಮ್ಮ ಮನೆಗಳಿಗೆ ಸಂಬಂಧವಿಲ್ಲವೆಂಬ ಭಾವನೆ ಬಹುಕಾಲ ಇತ್ತು. ಬೆಂಗಳೂರಿನ ಮನೋವೈದ್ಯರನ್ನು ವಿಚಾರಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸುಮಾರು ಮೂರರಲ್ಲಿ ಎರಡು ಪಾಲು ವೈದ್ಯರು ಇಂತಹ ರೋಗಿಯೊಬ್ಬರನ್ನಾದರೂ ಹಿಂದಿನ ವರ್ಷದಲ್ಲಿ ಕಂಡಿದ್ದಾಗಿ ತಿಳಿಸಿದರು. 2025ರ ಮಾರ್ಚ್ ತಿಂಗಳಲ್ಲಿ, ಕಾಸರಗೋಡಿನ ನೆರೆಯ ಕಣ್ಣೂರು ಜಿಲ್ಲೆಯ 18 ವರ್ಷದ ವಿದ್ಯಾರ್ಥಿನಿಯೊಬ್ಬಳು ತೂಕ ಹೆಚ್ಚುವ ಭಯದಿಂದ ಆಹಾರ ಬಿಟ್ಟು ಪ್ರಾಣ ಕಳೆದುಕೊಂಡ ವಾರ್ತೆ ಪತ್ರಿಕೆಗಳಲ್ಲಿ ಬಂದಿತು. ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ನಮ್ಮ ಕುಟುಂಬಗಳು ಇದರಿಂದ ಹೊರತು ಎಂದು ತಿಳಿಯಲು ಯಾವ ಕಾರಣವೂ ಇಲ್ಲ.

ಈ ಲೇಖನದ ವಿಷಯವು ಆ ರೋಗವಲ್ಲ, ಅದರ ಆಚೆಗಿನದು. ರೋಗವನ್ನು ಗೆದ್ದು ಹತ್ತಾರು ವರ್ಷಗಳಾದವರು ನಮ್ಮ ನಡುವೆ ಇದ್ದಾರೆ. ಅವರಿಗೂ ವಯಸ್ಸಾಗುತ್ತದೆ, ಸೊಂಟದ ಸುತ್ತಳತೆ ಹೆಚ್ಚುತ್ತದೆ, ರಕ್ತದ ಸಕ್ಕರೆ ಏರುತ್ತದೆ. ರೋಗದ ಪೂರ್ವವೃತ್ತಾಂತವನ್ನು ಅರಿಯದ ವೈದ್ಯರು ‘ಹತ್ತು ಕಿಲೋ ಇಳಿಸಿಕೊಂಡು ಬನ್ನಿ’ ಎಂದು ಚೀಟಿ ಬರೆಯುತ್ತಾರೆ. ಇತರರಿಗೆ ಹಿತವಚನವಾದ ಈ ಮಾತು ಇವರಿಗೆ ಹಳೆಯ ಶತ್ರುವಿನ ಧ್ವನಿಯಂತೆ ಕೇಳಿಸುತ್ತದೆ. ಇಳಿಸದಿದ್ದರೆ ಮಧುಮೇಹದ ಭಯ; ಇಳಿಸಲು ಹೊರಟರೆ ಹಳೆಯ ರೋಗದ ಭಯ. ಇವೆರಡರ ನಡುವೆ ದಾರಿ ಇದೆಯೇ?

ಮಿನೆಸೋಟದ ಮೂವತ್ತಾರು ಮಂದಿ

ದಾರಿಯಿದೆ. ಆದರೆ ಅದರಲ್ಲಿ ಕಾಲಿಡುವ ಮುನ್ನ, ಹಸಿವೆಯನ್ನು ಅನುಭವಿಸಿದ ಶರೀರವು ಹೇಗೆ ವರ್ತಿಸುತ್ತದೆಂಬುದನ್ನು ವಾಚಕರು ತಿಳಿಯಬೇಕು. ಇದಕ್ಕೆ ಎರಡನೆಯ ಮಹಾಯುದ್ಧದ ಕಾಲದ ಪ್ರಯೋಗವೊಂದು ಇಂದಿಗೂ ಪ್ರಮಾಣವಾಗಿದೆ. 1944ರ ನವೆಂಬರಿನಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ತರುಣರನ್ನು ಪ್ರಯೋಗಕ್ಕೆ ತೆಗೆದುಕೊಂಡರು. ಯುದ್ಧದಲ್ಲಿ ಆಯುಧ ಹಿಡಿಯಲು ಮನಸ್ಸಾಕ್ಷಿ ಒಪ್ಪದೆ, ಬೇರೆ ರೀತಿಯಲ್ಲಿ ಸೇವೆ ಸಲ್ಲಿಸಲು ಸ್ವಯಂಪ್ರೇರಣೆಯಿಂದ ಬಂದವರು ಅವರು. ಯುದ್ಧದಲ್ಲಿ ಹಸಿದ ಯೂರೋಪಿನ ಜನರಿಗೆ ಮರಳಿ ಹೇಗೆ ಉಣಿಸಬೇಕೆಂಬುದನ್ನು ಕಂಡುಹಿಡಿಯುವುದು ಉದ್ದೇಶ. (ಇದಕ್ಕೆ ಒಂದು ವರ್ಷದ ಹಿಂದಷ್ಟೇ ನಮ್ಮ ವಂಗದೇಶದಲ್ಲಿ ಲಕ್ಷಗಟ್ಟಲೆ ಜನ ಕ್ಷಾಮದಲ್ಲಿ ಮಡಿದಿದ್ದರು, ಅವರನ್ನು ತೂಗಿ ಬರೆದಿಟ್ಟವರು ಯಾರೂ ಇರಲಿಲ್ಲ.) ಆರು ತಿಂಗಳ ಕಾಲ ಅವರ ಆಹಾರವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಲಾಯಿತು. ತೂಕ ಸುಮಾರು ಕಾಲುಭಾಗ ಇಳಿಯಿತು.

ತೂಕ ಇಳಿದದ್ದು ಆಶ್ಚರ್ಯವಲ್ಲ. ಮನಸ್ಸಿಗೆ ಆದದ್ದು ಆಶ್ಚರ್ಯ. ಯಾವ ಮನೋರೋಗವೂ ಇಲ್ಲದ ಈ ತರುಣರು ಹಗಲಿರುಳು ಅನ್ನವನ್ನೇ ಧ್ಯಾನಿಸತೊಡಗಿದರು. ಪಾಕಶಾಸ್ತ್ರದ ಪುಸ್ತಕಗಳನ್ನು ಸಂಗ್ರಹಿಸಿದರು, ತಟ್ಟೆ ನೆಕ್ಕಿದರು, ಒಂದು ತುತ್ತನ್ನು ಗಂಟೆಗಟ್ಟಲೆ ಎಳೆದರು, ಗೆಳೆಯರ ಸಂಗ ಬಿಟ್ಟರು, ಸಿಡುಕಿದರು, ಖಿನ್ನರಾದರು. ಆಹಾರವ್ಯಾಧಿಯ ಲಕ್ಷಣಗಳೆಂದು ಎಣಿಸುವ ಹಲವು ವರ್ತನೆಗಳು ಕೇವಲ ಹಸಿವೆಯ ಫಲವೆಂಬುದು ಇದರಿಂದ ಸಿದ್ಧವಾಯಿತು. ಮರಳಿ ಆಹಾರ ದೊರೆತಾಗಲೂ ಕೆಲವರಿಗೆ ತೃಪ್ತಿಯೆಂಬುದೇ ತಿಳಿಯುತ್ತಿರಲಿಲ್ಲ; ಹೊಟ್ಟೆ ಬಿರಿಯುವಂತೆ ಉಂಡು ಮತ್ತೆ ಹಸಿವೆಯೆಂದರು. ಕಳೆದುಹೋದ ಮಾಂಸಖಂಡ ಇನ್ನೂ ಪೂರ್ತಿ ತುಂಬುವ ಮೊದಲೇ ಕೊಬ್ಬು ಹಿಂದಿನ ಮಟ್ಟವನ್ನು ಮೀರಿ ಬೆಳೆಯಿತು. ತಿಂಗಳುಗಳು ಕಳೆದಂತೆ ಬಹುಮಂದಿಯಲ್ಲಿ ಅದು ತಾನಾಗಿ ಸ್ಥಿಮಿತಕ್ಕೆ ಬಂದಿತು. 1950ರಲ್ಲಿ ಎರಡು ಸಂಪುಟಗಳಾಗಿ ಪ್ರಕಟವಾದ ವರದಿಯಲ್ಲಿ ಇವೆಲ್ಲ ದಾಖಲಾಗಿವೆ.

ಒಮ್ಮೆ ದಿವಾಳಿಯೆದ್ದ ಸಂಸ್ಥೆಯಲ್ಲಿ ಹಣ ಕಳೆದುಕೊಂಡ ಠೇವಣಿದಾರನು ಮುಂದೆ ಕೈಗೆ ಬಂದ ಕಾಸನ್ನೆಲ್ಲ ಮನೆಯ ಡಬ್ಬಿಗಳಲ್ಲಿ ಬಚ್ಚಿಡುವಂತೆ, ಹಸಿವೆಯನ್ನು ಕಂಡ ಶರೀರವು ದೊರೆತ ಶಕ್ತಿಯನ್ನು ಮೊದಲು ಕೊಬ್ಬಿನ ರೂಪದಲ್ಲಿ ಕೂಡಿಡುತ್ತದೆ. ಅಷ್ಟೇ ಅಲ್ಲ, ಆದಾಯ ಕಡಿಮೆಯಾದ ಕುಟುಂಬವು ಖರ್ಚನ್ನು ಕಡಿತಗೊಳಿಸುವಂತೆ, ಆಹಾರ ಕಡಿಮೆಯಾದ ಶರೀರವೂ ತನ್ನ ವೆಚ್ಚವನ್ನು ತಗ್ಗಿಸುತ್ತದೆ. ಮೈ ತಣ್ಣಗಾಗುತ್ತದೆ, ನಾಡಿ ನಿಧಾನವಾಗುತ್ತದೆ, ಋತುಸ್ರಾವ ನಿಲ್ಲುತ್ತದೆ, ಮೂಳೆಯ ಸಾಂದ್ರತೆ ಕುಗ್ಗುತ್ತದೆ. ಆದ್ದರಿಂದ ‘ಇಷ್ಟು ಕಡಿಮೆ ತಿಂದರೆ ಇಷ್ಟು ಇಳಿಯುತ್ತದೆ’ ಎಂಬ ಸರಳ ಲೆಕ್ಕ ಇಲ್ಲಿ ತಾಳೆಯಾಗುವುದಿಲ್ಲ.

ಇದರಿಂದ ಒಂದು ಮುಖ್ಯ ವಿಷಯ ಹೊರಡುತ್ತದೆ. ರೋಗದಿಂದ ಚೇತರಿಸಿಕೊಂಡ ಹೊಸತರಲ್ಲಿ ತೂಕ ಹೆಚ್ಚಿದರೆ, ಹೊಟ್ಟೆಯ ಭಾಗವೇ ಮೊದಲು ತುಂಬಿಕೊಂಡರೆ, ಅದು ಅವನತಿಯಲ್ಲ, ಗುಣವಾಗುವ ಕ್ರಮ. ಆ ಕಾಲದಲ್ಲಿ ತೂಕ ಇಳಿಸಲು ಹೊರಡುವುದೆಂದರೆ ಸುಣ್ಣ ಆರುವ ಮೊದಲೇ ಗೋಡೆಯನ್ನು ಕೆರೆದಂತೆ. ಕಾಯುವುದೇ ಆಗ ಚಿಕಿತ್ಸೆ. ಊಟವು ಭಯವಿಲ್ಲದೆ ನಡೆಯುತ್ತಿದೆ, ತಿಂದುಹಾಕುವ ಅಥವಾ ಹೊರಹಾಕುವ ಪ್ರಸಂಗಗಳು ದೀರ್ಘಕಾಲದಿಂದ ಇಲ್ಲ, ಋತುಚಕ್ರ ಕ್ರಮವಾಗಿದೆ, ಮನಸ್ಸು ಸ್ಥಿರವಾಗಿದೆ ಎಂದು ಚಿಕಿತ್ಸೆ ನೀಡಿದ ವೈದ್ಯರು ಒಪ್ಪಿದ ಮೇಲಷ್ಟೇ ಮುಂದಿನ ಪ್ರಶ್ನೆಯನ್ನು ಎತ್ತಬಹುದು.

ಇಳಿಸುವ ಅವಶ್ಯಕತೆ ನಿಜವಾಗಿ ಇದೆಯೇ?

ಕಿಲೋಗಳಲ್ಲಿನ ತೂಕವನ್ನು ಮೀಟರಿನಲ್ಲಿನ ಎತ್ತರದ ವರ್ಗದಿಂದ ಭಾಗಿಸುವ ಸೂತ್ರವನ್ನು ಬೆಲ್ಜಿಯಮ್ಮಿನ ಕೆತ್ಲೆ ಎಂಬ ಗಣಿತಜ್ಞ ಹತ್ತೊಂಬತ್ತನೆಯ ಶತಮಾನದಲ್ಲಿ ರೂಪಿಸಿದರು. ಅದಕ್ಕೆ ‘ಬಾಡಿ ಮಾಸ್ ಇಂಡೆಕ್ಸ್’ ಎಂಬ ಹೆಸರನ್ನು 1972ರಲ್ಲಿ ಕೊಟ್ಟವರು ಮೇಲೆ ಹೇಳಿದ ಆನ್ಸೆಲ್ ಕೀಸರೇ. ಭಾರತೀಯರಲ್ಲಿ ಈ ಅಂಕ 23ನ್ನು ದಾಟಿದರೆ ಅಧಿಕ ತೂಕವೆಂದು 2009ರಲ್ಲಿ ನಮ್ಮ ತಜ್ಞರು ನಿರ್ಧರಿಸಿದರು. ಯೂರೋಪಿಯನ್ನರಿಗೆ ಅದು 25. ಸೊಂಟದ ಸುತ್ತಳತೆಗೆ ಸ್ತ್ರೀಯರಲ್ಲಿ 80, ಪುರುಷರಲ್ಲಿ 90 ಸೆಂಟಿಮೀಟರ್ ಮಿತಿ. ಈ ವ್ಯತ್ಯಾಸಕ್ಕೆ ಕಾರಣವನ್ನು ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಯಾಜ್ಞಿಕರು 2004ರಲ್ಲಿ ಸ್ವಾರಸ್ಯವಾಗಿ ತೋರಿಸಿದರು. ಅವರ ಮತ್ತು ಬ್ರಿಟನ್ನಿನ ಡಾ. ಯುಡ್ಕಿನ್ನರ ಬಾಡಿ ಮಾಸ್ ಇಂಡೆಕ್ಸ್ ಒಂದೇ ಆಗಿದ್ದರೂ, ಯಾಜ್ಞಿಕರ ಶರೀರದಲ್ಲಿ ಕೊಬ್ಬಿನ ಅಂಶ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು! ನೋಟಕ್ಕೆ ತೆಳ್ಳಗಿದ್ದೂ ಒಳಗೆ ಕೊಬ್ಬು ತುಂಬಿಕೊಳ್ಳುವುದು ನಮ್ಮ ಜನರ ದೌರ್ಬಲ್ಯ.

ಹಾಗೆಂದು ಅಂಕವೊಂದನ್ನೇ ನೋಡಿ ಗಾಬರಿಗೊಳ್ಳಬೇಕಾಗಿಲ್ಲ. ಸಕ್ಕರೆ, ರಕ್ತದೊತ್ತಡ, ಕೊಬ್ಬಿನ ಪರೀಕ್ಷೆ, ಥೈರಾಯ್ಡ್, ಯಕೃತ್ತಿನ ಸ್ಥಿತಿ, ಹಿಂದೆ ದೀರ್ಘಕಾಲ ಉಪವಾಸವಿದ್ದವರಲ್ಲಿ ಮೂಳೆಯ ಸಾಂದ್ರತೆ, ಇವನ್ನೆಲ್ಲ ನೋಡಿಯೇ ತೀರ್ಮಾನಿಸಬೇಕು. ಇವೆಲ್ಲ ಸರಿಯಾಗಿದ್ದು, ಮದುವೆಯ ಹಳೆಯ ರವಿಕೆ ಬಿಗಿಯಾಯಿತೆಂಬುದಷ್ಟೇ ಕಾರಣವಾದರೆ, ಹೊಸ ರವಿಕೆ ಹೊಲಿಸುವುದು ಅಗ್ಗ. ಎಷ್ಟೋ ಬಾರಿ ತೂಕ ಇಳಿಯದೆಯೂ, ನಡಿಗೆ ಮತ್ತು ಆಹಾರದ ಗುಣಮಟ್ಟದಿಂದ ಸಕ್ಕರೆ, ಒತ್ತಡಗಳು ಸುಧಾರಿಸುತ್ತವೆ. ಗುಣಹೊಂದಿದವರು ಗುರಿಯಾಗಿ ಇಟ್ಟುಕೊಳ್ಳಬೇಕಾದದ್ದು ಆ ಅಂಕಗಳನ್ನು, ತಕ್ಕಡಿಯ ಮುಳ್ಳನ್ನಲ್ಲ.

ಲೋಕಲ್ ಗಾಡಿ ಮತ್ತು ಎಂಟು ಗಂಟೆಗಳ ಹಸಿವೆ

ಉದಾಹರಣೆಗೆ, ಡೊಂಬಿವಲಿಯಲ್ಲಿ ವಾಸಿಸುತ್ತ ಮುಂಬಯಿಯ ಕೋಟೆ ಭಾಗದಲ್ಲಿ ನೌಕರಿ ಮಾಡುವ ನಲವತ್ತೆರಡು ವರ್ಷದ ಸ್ತ್ರೀಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಕಾಲೇಜಿನ ದಿನಗಳಲ್ಲಿ ಬುಲಿಮಿಯಾಕ್ಕೆ ತುತ್ತಾಗಿ, ಚಿಕಿತ್ಸೆ ಪಡೆದು, ಹದಿನೈದು ವರ್ಷಗಳಿಂದ ಸುಖವಾಗಿರುವಾಕೆ. ಈಗ ಸಕ್ಕರೆ ಗಡಿ ಮುಟ್ಟಿದೆ. ಬೆಳಗಿನ ಏಳು ಗಂಟೆಯ ಗಾಡಿಗೆ ಬರಿಯ ಚಹಾ ಕುಡಿದು ಓಡುತ್ತಾಳೆ. ಮಧ್ಯಾಹ್ನ ಒಂದಕ್ಕೆ ಡಬ್ಬಿ. ತೂಕದ ಚಿಂತೆಯಿಂದ ಈಗ ಅದರಲ್ಲಿ ಒಂದೇ ಚಪಾತಿ. ಸಂಜೆ ಆರಕ್ಕೆ ಕಚೇರಿ ಬಿಟ್ಟು, ಜನಸಂದಣಿಯಲ್ಲಿ ಜಜ್ಜಿಕೊಂಡು ಎಂಟಕ್ಕೆ ಮನೆ, ಅಡುಗೆ ಮುಗಿಸಿ ಒಂಬತ್ತಕ್ಕೆ ಊಟ. ಒಂದರಿಂದ ಒಂಬತ್ತರವರೆಗೆ ಎಂಟು ಗಂಟೆಗಳು!

ಈ ಎಂಟು ಗಂಟೆಗಳ ಕೊನೆಯಲ್ಲಿ ನಿಲ್ದಾಣದ ಹೊರಗೆ ವಡಾಪಾವಿನ ಬಾಣಲೆ ಇರುತ್ತದೆ. ಅಲ್ಲಿ ನಿಂತು ಎರಡು ತಿಂದರೆ ಸಾಮಾನ್ಯರಿಗೆ ಅದು ಬರಿಯ ತಿಂಡಿ. ಆಕೆಗಾದರೋ ಅದು ‘ತಪ್ಪು’. ತಪ್ಪಿಗೆ ಪ್ರಾಯಶ್ಚಿತ್ತವಾಗಿ ರಾತ್ರಿಯ ಊಟ ಬಿಡುವುದು. ನಡುರಾತ್ರಿ ಹಸಿವೆ ತಾಳದೆ ಅಡುಗೆಮನೆಯ ಡಬ್ಬಿಗಳನ್ನು ತೆರೆಯುವುದು. ಮರುದಿನ ಮತ್ತೆ ಬರಿಯ ಚಹಾ. ಹಳೆಯ ರೋಗ ಹೀಗೆ ಯಾರ ಗಮನಕ್ಕೂ ಬಾರದೆ ಮರಳಿ ಹೊಸ್ತಿಲು ದಾಟುತ್ತದೆ. ದೋಷ ವಡಾಪಾವಿನದಲ್ಲ, ಆಕೆಯ ಮನೋಬಲದ್ದೂ ಅಲ್ಲ. ಖಾಲಿಯಿದ್ದ ಎಂಟು ಗಂಟೆಗಳದು.

ಆದುದರಿಂದ ಮೊದಲು ಸರಿಪಡಿಸಬೇಕಾದದ್ದು ಪ್ರಮಾಣವನ್ನಲ್ಲ, ವೇಳೆಯನ್ನು. ಆಹಾರವ್ಯಾಧಿಯ ಚಿಕಿತ್ಸೆಯಲ್ಲಿ ಪರಿಣತರು ಮೊತ್ತಮೊದಲು ಕಲಿಸುವ ಪಾಠವೂ ಇದೇ: ದಿನಕ್ಕೆ ಮೂರು ಊಟ, ನಡುವೆ ಎರಡು ಲಘು ಉಪಾಹಾರ, ಯಾವ ಅಂತರವೂ ಸುಮಾರು ನಾಲ್ಕು ಗಂಟೆಯನ್ನು ಮೀರದಂತೆ. ಮನೆಯಿಂದ ಹೊರಡುವ ಮುನ್ನ ಎರಡು ಇಡ್ಲಿ ಅಥವಾ ಒಗ್ಗರಣೆ ಅವಲಕ್ಕಿ. ಹನ್ನೊಂದಕ್ಕೆ ಹಣ್ಣು. ಮಧ್ಯಾಹ್ನದ ಡಬ್ಬಿಯಲ್ಲಿ ಚಪಾತಿ ಇಲ್ಲವೆ ಜೋಳದ ರೊಟ್ಟಿ, ಅದರ ಜೊತೆಗೆ ಹೆಸರುಕಾಳಿನ ಉಸಲಿ, ಪಲ್ಯ, ಮಜ್ಜಿಗೆ. ಎಲ್ಲಕ್ಕಿಂತ ಮುಖ್ಯವಾಗಿ, ಗಾಡಿ ಹತ್ತುವ ಮುನ್ನ ಐದೂವರೆಗೆ ಕಚೇರಿಯಲ್ಲಿಯೇ ಕುಳಿತು ಹುರಿಗಡಲೆಯನ್ನೋ ಬೇಯಿಸಿದ ಮೊಟ್ಟೆಯನ್ನೋ ಬಾಳೆಹಣ್ಣನ್ನೋ ತಿನ್ನಬೇಕು. ಈ ಒಂದು ಸಂಜೆಯ ತಿಂಡಿ ರಾತ್ರಿಯ ಅನಾಹುತವನ್ನು ತಪ್ಪಿಸುವಷ್ಟು ಬೇರೆ ಯಾವ ಪಥ್ಯವೂ ತಪ್ಪಿಸಲಾರದು. ತೂಕ ಇಳಿಸಬೇಕಾದವಳು ಹೆಚ್ಚು ಬಾರಿ ತಿನ್ನುವುದೆಂದರೇನು ಎಂದು ಅತ್ತೆಯವರು ಕೇಳಬಹುದು. ಕೇಳಲಿ.

ವೇಳೆ ಸ್ಥಿರವಾಗಿ ಕೆಲವು ವಾರಗಳು ಕಳೆದ ಬಳಿಕ, ಆಹಾರತಜ್ಞರ ಸಲಹೆಯಂತೆ ಒಳವಸ್ತುವನ್ನು ಬದಲಿಸಬೇಕು. ಇಲ್ಲಿ ತೆಗೆಯುವುದಕ್ಕಿಂತ ಸೇರಿಸುವುದೇ ಮೇಲು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ದಿನದ ತಟ್ಟೆಯ ಅರ್ಧಭಾಗವನ್ನು ತರಕಾರಿ, ಹಣ್ಣುಗಳಿಗೆ ಮೀಸಲಿಟ್ಟಿದೆ. ಕರಾವಳಿಯವರಿಗೆ ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು, ಬಸಳೆ, ಬಂಗುಡೆ. ಬಯಲುಸೀಮೆಯವರಿಗೆ ಜೋಳ, ಎಳೆಯ ಸೊಪ್ಪಿನ ಪಚಡಿ, ಹೆಸರುಬೇಳೆ. ಊರಿನ ಈ ಅಡುಗೆಗೆ ಮರಳಿದರೆ ಸಾಕು, ಪರದೇಶದ ಬೀಜಗಳನ್ನು ಹುಡುಕಿಕೊಂಡು ವಾಶಿಯ ಮಾಲ್‌ಗಳಿಗೆ ಹೋಗಬೇಕಾಗಿಲ್ಲ. ಅನ್ನವನ್ನು ಪೂರ್ತಿ ಬಿಡುವುದು, ಎಣ್ಣೆಯನ್ನು ಪೂರ್ತಿ ಬಿಡುವುದು ಇತ್ಯಾದಿ ವ್ರತಗಳು ಇವರಿಗೆ ವರ್ಜ್ಯ. ವಡಾಪಾವನ್ನೂ ನಿಷೇಧಿಸಬಾರದು. ಯಾವಾಗಲೊಮ್ಮೆ, ಸಂಜೆಯ ತಿಂಡಿಯ ಸ್ಥಾನದಲ್ಲಿ, ಹಸಿವೆ ವಿಕೋಪಕ್ಕೆ ಹೋಗುವ ಮೊದಲು, ಕುಳಿತು ತಿಂದ ವಡಾಪಾವ್ ಯಾರಿಗೂ ಕೇಡು ಮಾಡಿಲ್ಲ. ಕ್ಯಾಲರಿಗಳನ್ನು ಎಣಿಸಿ ಬರೆದಿಡುವ ಅಭ್ಯಾಸ, ಅದರಲ್ಲಿಯೂ ಮೊಬೈಲಿನಲ್ಲಿ ಎಣಿಸುವ ಅಭ್ಯಾಸ, ಹಿಂದೆ ರೋಗವಿದ್ದವರಿಗೆ ಅಪಾಯಕಾರಿ. ಲೆಕ್ಕ ಬರೆಯುವುದು ಬ್ಯಾಂಕಿನಲ್ಲಿ ಸದ್ಗುಣ, ಎಲೆಯ ಮುಂದೆ ಅಲ್ಲ.

ಉಪವಾಸ, ನಡಿಗೆ, ತಕ್ಕಡಿ

ಏಕಾದಶಿ, ಸಂಕಷ್ಟಿ, ಶ್ರಾವಣದ ಸೋಮವಾರಗಳು ನಮ್ಮ ಮನೆಗಳಲ್ಲಿ ಸಹಜ. ಆದರೆ ಹಳೆಯ ರೋಗವು ದೇವರ ಹೆಸರನ್ನು ಹೊದ್ದುಕೊಂಡು ಬರಲು ಇದಕ್ಕಿಂತ ಸುಲಭದ ಬಾಗಿಲಿಲ್ಲ. ವ್ರತದ ದಿನ ‘ಏಕೆ ಉಣ್ಣಲಿಲ್ಲ’ ಎಂದು ಯಾರೂ ಕೇಳುವುದಿಲ್ಲ. ರೋಗಿಗಳಿಗೆ, ಗರ್ಭಿಣಿಯರಿಗೆ ಉಪವಾಸದಿಂದ ವಿನಾಯಿತಿಯಿರುವ ಪರಂಪರೆ ನಮ್ಮದು. ಆ ವಿನಾಯಿತಿ ಇವರಿಗೂ ಸಲ್ಲುತ್ತದೆ. ಜಪವನ್ನೋ ದಾನವನ್ನೋ ಮಾಡಿ ವ್ರತವನ್ನು ನಡೆಸಬಹುದು. ದಿನಕ್ಕೆ ಹದಿನಾರು ಗಂಟೆ ಉಪವಾಸವಿರುವ ಇತ್ತೀಚಿನ ಪದ್ಧತಿಗೂ ಇದೇ ಮಾತು.

ನಡಿಗೆಗೆ ಥಾಣೆಯ ಮಸುಂದಾ ಕೆರೆ, ಉಪವನ, ಕಲ್ಯಾಣದ ಕಾಳಾ ತಲಾವ್, ಖಾರಘರದ ಸೆಂಟ್ರಲ್ ಪಾರ್ಕುಗಳು ಇವೆ. ಡೊಂಬಿವಲಿ ಈ ವಿಷಯದಲ್ಲಿ ಬಡವೆಯೇ ಸರಿ. ಹಿಂದೆ ಅತಿಯಾದ ವ್ಯಾಯಾಮವೇ ರೋಗದ ಅಂಗವಾಗಿದ್ದವರು ಒಬ್ಬರೇ ನಡೆಯದೆ ಜೊತೆಗಾರರೊಡನೆ, ಮಾತನಾಡುತ್ತ ನಡೆಯುವುದು ಲೇಸು. ಹೆಜ್ಜೆ ಎಣಿಸುವ ಕೈಗಡಿಯಾರ ಮನೆಯಲ್ಲಿಯೇ ಇರಲಿ. ವಾರಕ್ಕೆ ಎರಡು ಬಾರಿ ಮಾಂಸಖಂಡಗಳಿಗೆ ಬಲ ಕೊಡುವ ವ್ಯಾಯಾಮವನ್ನು ವೈದ್ಯರ ಒಪ್ಪಿಗೆಯೊಂದಿಗೆ ಮಾಡಿದರೆ ಸವೆದ ಮೂಳೆಗಳಿಗೂ ಹಿತ. ಜ್ವರ ಬಂದ ದಿನವೂ ನಡೆಯದಿರಲು ಮನಸ್ಸು ಒಪ್ಪದಿದ್ದರೆ ಅದು ಆರೋಗ್ಯದ ಲಕ್ಷಣವಲ್ಲ.

ಒಂದು ಕಾಲದಲ್ಲಿ ಉಪನಗರ ರೈಲು ನಿಲ್ದಾಣಗಳಲ್ಲಿ ಬಣ್ಣದ ದೀಪಗಳ ತೂಕದ ಯಂತ್ರಗಳಿದ್ದವು. ನಾಣ್ಯ ಹಾಕಿದರೆ ಚೀಟಿಯೊಂದು ಬೀಳುತ್ತಿತ್ತು: ಒಂದು ಮಗ್ಗುಲಲ್ಲಿ ತೂಕ, ಇನ್ನೊಂದರಲ್ಲಿ ಭವಿಷ್ಯ. ಆಹಾರವ್ಯಾಧಿಯನ್ನು ಅನುಭವಿಸಿದವರಿಗೆ ಆ ಎರಡೂ ಮಗ್ಗುಲು ಒಂದೇ ಆಗಿಬಿಟ್ಟಿರುತ್ತವೆ. ಮುಳ್ಳು ತೋರಿದ ಅಂಕವೇ ಆ ದಿನದ ಭವಿಷ್ಯ. ಮನೆಯ ತಕ್ಕಡಿಯನ್ನು ತೆಗೆದುಬಿಟ್ಟು, ಚಿಕಿತ್ಸಾಲಯದಲ್ಲಿ ತಿಂಗಳಿಗೊಮ್ಮೆ, ಬೇಕೆನಿಸಿದರೆ ಅಂಕವನ್ನು ನೋಡದೆ ಬೆನ್ನು ತಿರುಗಿಸಿ ನಿಂತು ತೂಗಿಸಿಕೊಳ್ಳುವ ಪದ್ಧತಿಯಿದೆ. ವೇಗವಾಗಿ ಇಳಿಯುತ್ತಿದ್ದರೆ ಸಂತೋಷಪಡುವ ಬದಲು ಎಚ್ಚರಗೊಳ್ಳಬೇಕು.

2025ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ, ಹಸಿವೆಯನ್ನು ಅಡಗಿಸುವ ಚುಚ್ಚುಮದ್ದುಗಳ ಬಗ್ಗೆ ಬಹಳ ಮಾತು ಕೇಳಿಬರುತ್ತಿದೆ. ಹಸಿವೆಯ ಗುರುತನ್ನು ಕಷ್ಟಪಟ್ಟು ಮರಳಿ ಕಲಿತವರಿಗೆ, ಅದನ್ನು ಅಡಗಿಸುವ ಔಷಧಿ ಒಗ್ಗುವುದೇ ಎಂಬುದನ್ನು ಮನೋವೈದ್ಯರನ್ನೂ ಸೇರಿಸಿಕೊಂಡು ನಿರ್ಧರಿಸಬೇಕೇ ಹೊರತು ಗೆಳತಿಯರ ಮಾತಿನಿಂದಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕನ್ನಡ ಕಿರುತೆರೆಯ 21 ವರ್ಷದ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ಅಸುನೀಗಿದ್ದು ಅನೇಕರಿಗೆ ನೆನಪಿರಬಹುದು. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರು ತೂಕ ಇಳಿಯಲೆಂದು ಅದನ್ನು ತಪ್ಪಿಸುವುದಂತೂ ಪ್ರಾಣಾಪಾಯಕರ.

ಮನೆಯವರು ಮತ್ತು ಕರಾರು

ಸಾಲ ಕೊಡುವಾಗ, ಯಾವ ಸ್ಥಿತಿ ಒದಗಿದರೆ ಏನು ಮಾಡತಕ್ಕದ್ದೆಂದು ಮೊದಲೇ ಷರತ್ತು ಬರೆಯುವುದು ವಾಡಿಕೆ. ತೂಕ ಇಳಿಸಲು ಹೊರಡುವ ಮುನ್ನವೂ ವೈದ್ಯರು, ಆಹಾರತಜ್ಞರು, ಮನೆಯವರೊಬ್ಬರು ಕೂಡಿ ಇಂತಹ ಕರಾರನ್ನು ಮಾಡಿಕೊಳ್ಳುವುದು ಒಳ್ಳೆಯದು. ಊಟ ತಪ್ಪಿಸುವುದು, ಒಬ್ಬರೇ ಕುಳಿತು ತಿನ್ನಬೇಕೆನ್ನುವುದು, ಆಹಾರವನ್ನು ಬಚ್ಚಿಡುವುದು, ಉಂಡ ಕೂಡಲೇ ಬಚ್ಚಲಿಗೆ ಹೋಗುವುದು, ದಿನವೂ ತೂಗಿಕೊಳ್ಳುವುದು, ಋತುಚಕ್ರ ತಪ್ಪುವುದು, ಯಾವಾಗಲೂ ಚಳಿಯೆನ್ನುವುದು: ಇವುಗಳಲ್ಲಿ ಯಾವುದು ಕಂಡರೂ ತೂಕದ ಕಾರ್ಯಕ್ರಮವನ್ನು ಆ ದಿನವೇ ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು. ಮೂರ್ಛೆ, ಎದೆಬಡಿತದ ಏರುಪೇರು, ಪದೇ ಪದೇ ವಾಂತಿ, ಬದುಕು ಸಾಕೆಂಬ ಮಾತು, ಇವಕ್ಕೆ ಮರುದಿನದವರೆಗೂ ಕಾಯಬಾರದು.

ಸಂಘದ ಸಮಾರಂಭಗಳಲ್ಲಿ, ಯಕ್ಷಗಾನದ ಬಿಡುವಿನಲ್ಲಿ, ಮದುವೆಯ ಪಂಕ್ತಿಯಲ್ಲಿ ‘ಏನಮ್ಮಾ, ದಪ್ಪಗಾಗಿಬಿಟ್ಟಿದ್ದೀ’ ಎಂದು ಪ್ರೀತಿಯಿಂದಲೇ ಕೇಳುವ ಹಿರಿಯರು ನಮ್ಮಲ್ಲಿ ಬಹಳ. ಆ ಮಾತು ನೋಯಿಸುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. ‘ಎಷ್ಟು ತೆಳ್ಳಗಾಗಿದ್ದೀ, ಚೆನ್ನಾಗಿ ಕಾಣುತ್ತೀ’ ಎಂಬ ಹೊಗಳಿಕೆ ಅದಕ್ಕಿಂತಲೂ ಅಪಾಯಕಾರಿಯೆಂಬುದು ಹಲವರಿಗೆ ತಿಳಿಯದು. ರೋಗವಿದ್ದ ದಿನಗಳಲ್ಲಿಯೂ ಆಕೆ ಕೇಳಿದ್ದು ಅದನ್ನೇ. ಊರಿನ ಸಮಾಚಾರ, ಮಕ್ಕಳ ಓದು, ಮಾತನಾಡಲು ವಿಷಯಗಳಿಗೇನು ಬರ?

ಚಿಕಿತ್ಸೆಗೆ ದೂರ ಹೋಗಬೇಕಾಗಿಲ್ಲ. ಥಾಣೆಯಲ್ಲಿ 1901ರಲ್ಲಿ ಸ್ಥಾಪಿತವಾದ ಪ್ರಾದೇಶಿಕ ಮಾನಸಿಕ ಆಸ್ಪತ್ರೆಯಿದೆ. ಕಳವಾದ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ, ನೆರೂಲಿನ ಡಿ.ವೈ. ಪಾಟೀಲ ಆಸ್ಪತ್ರೆಗಳು ವೈದ್ಯಕೀಯ ಕಾಲೇಜುಗಳಿಗೆ ಸೇರಿದವಾದ್ದರಿಂದ ಅಲ್ಲಿ ಮನೋವೈದ್ಯ ವಿಭಾಗಗಳಿವೆ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ದೂರವಾಣಿಗೆ 14416 ಸಂಖ್ಯೆಯಲ್ಲಿ ಹಗಲಿರುಳು ಉಚಿತವಾಗಿ ಕರೆಮಾಡಬಹುದು. ಕನ್ನಡವೂ ಅದರ ಭಾಷೆಗಳಲ್ಲೊಂದು. ವೆಚ್ಚದ ವಿಷಯವಾಗಿ, 2017ರ ಮಾನಸಿಕ ಆರೋಗ್ಯ ಕಾಯಿದೆಯ 21ನೆಯ ಕಲಮಿನ ಪ್ರಕಾರ ವಿಮಾ ಸಂಸ್ಥೆಗಳು ಶಾರೀರಿಕ ರೋಗಗಳಿಗೆ ಇರುವಂತೆಯೇ ಮನೋರೋಗಗಳಿಗೂ ವಿಮೆ ಒದಗಿಸತಕ್ಕದ್ದು. ಆಸ್ಪತ್ರೆಗೆ ಸೇರದೆ ಪಡೆದ ಸಲಹೆಯ ಶುಲ್ಕ ಎಲ್ಲ ಪಾಲಿಸಿಗಳಲ್ಲಿಯೂ ಸೇರಿರುವುದಿಲ್ಲವಾದ್ದರಿಂದ ಪಾಲಿಸಿಯ ಆ ಪುಟವನ್ನು ಮೊದಲೇ ಓದಿಕೊಂಡು, ರಸೀದಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಡಬೇಕು. ಹೊಸ ಪಾಲಿಸಿ ತೆಗೆದುಕೊಳ್ಳುವವರು ಹಳೆಯ ರೋಗವನ್ನು ಅರ್ಜಿಯಲ್ಲಿ ಮರೆಮಾಚಬಾರದು. ಮುಂದೆ ಕ್ಲೇಮು ತಿರಸ್ಕೃತವಾಗಲು ಆ ಒಂದು ಖಾಲಿ ಬಿಟ್ಟ ಕಾಲಮ್ಮೇ ಕಾರಣವಾಗಬಹುದು.